ಸ್ತನಾರ್ಬುದದಲ್ಲಿ ಜೀವಕೋಶಗಳ ಲಕ್ಷಣವೂ ವಿಂಗಡಣೆಯೂ

(ಮಹೋತ್ಸವದ ವಿದ್ವದ್ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಈ ಉಪನ್ಯಾಸದ ವಿಷಯವನ್ನು ಕೇಳಿದೊಡನೆಯೇ ಸಭೆಯಲ್ಲಿ ಕೆಲವರು ತಲೆ ತಗ್ಗಿಸಿರಬಹುದು. ಸ್ತನವೆಂಬ ಅವಯವದ ಹೆಸರನ್ನು ನಾಲ್ಕು ಜನರೆದುರಿಗೆ ಎತ್ತುವುದು ಮರ್ಯಾದೆಯಲ್ಲವೆಂಬ ಭಾವನೆಯು ಈ ನಾಡಿನ ಮನೆಮನೆಗಳಲ್ಲಿಯೂ ಬೇರೂರಿರುವುದಷ್ಟೆ. ಆ ಸಂಕೋಚದ ಫಲವಾಗಿ ಎಷ್ಟೋ ತಾಯಂದಿರು ಎದೆಯಲ್ಲಿ ಗಂಟು ಕಾಣಿಸಿಕೊಂಡಾಗ ಅದನ್ನು ಸೆರಗಿನ ಮರೆಯಲ್ಲಿಯೇ ಇಟ್ಟುಕೊಂಡು, ಗಂಡನಿಗೂ ಹೇಳದೆ, ಮಗಳಿಗೂ ಹೇಳದೆ, ನೋವಿಲ್ಲವೆಂಬ ಒಂದೇ ಧೈರ್ಯದಿಂದ ತಿಂಗಳುಗಟ್ಟಲೆ ಕಾಲವನ್ನು ಕಳೆಯುತ್ತಾರೆ. ಈ ರೋಗದ ಗಂಟಾದರೋ ಮೊದಮೊದಲು ಬಹುಮಟ್ಟಿಗೆ ನೋಯುವುದೇ ಇಲ್ಲ. 2022ನೆಯ ಇಸವಿಯೊಂದರಲ್ಲಿಯೇ ಭೂಮಂಡಲದಲ್ಲಿ ಸುಮಾರು 23 ಲಕ್ಷ ಮಂದಿಗೆ ಈ ರೋಗವು ಹೊಸದಾಗಿ ತಗುಲಿತೆಂದೂ, ಸುಮಾರು 6 ಲಕ್ಷ 70 ಸಾವಿರ ಮಂದಿ ಇದರಿಂದ ಮಡಿದರೆಂದೂ ಲೆಕ್ಕವಿಟ್ಟವರು ಹೇಳುತ್ತಾರೆ. ಅದೇ ವರ್ಷ ಭಾರತದಲ್ಲಿ ಹೊಸ ರೋಗಿಗಳು ಸುಮಾರು 1 ಲಕ್ಷ 92 ಸಾವಿರ. ಮಡಿದವರು ಸುಮಾರು 98 ಸಾವಿರ. ಇಷ್ಟು ಮಂದಿ ತಾಯಂದಿರ ಪ್ರಾಣದ ಪ್ರಶ್ನೆಯು ಎದುರಿಗಿರುವಾಗ ಹೆಸರನ್ನೆತ್ತುವುದಕ್ಕೆ ನಾಚುವುದು ಯುಕ್ತವಲ್ಲ.

ಶಸ್ತ್ರವೈದ್ಯನು ಗಂಟಿನಿಂದ ಒಂದು ತುಣುಕನ್ನು ತೆಗೆದುಕೊಂಡ ಬಳಿಕ ಆ ತುಣುಕು ಎಲ್ಲಿಗೆ ಹೋಗುವುದು, ಅಲ್ಲಿ ಅದನ್ನು ಏನು ಮಾಡುತ್ತಾರೆ, ಎಂಟು ದಿನಗಳ ಮೇಲೆ ಕೈಗೆ ಬರುವ ಕಾಗದದಲ್ಲಿ ಬರೆದಿರುವ ಅಕ್ಷರ ಅಂಕಿಗಳಿಗೆ ಅರ್ಥವೇನು ಎಂಬುದನ್ನು ರೋಗಿಯ ಮನೆಯವರಲ್ಲಿ ಬಲ್ಲವರು ವಿರಳ. ಕೇಳಿದರೆ ವೈದ್ಯರು ಬೇಸರಪಟ್ಟಾರೆಂಬ ಅಳುಕೂ ಉಂಟು. ಆ ತುಣುಕಿನ ವೃತ್ತಾಂತವೇ ಇಲ್ಲಿ ಪ್ರಕೃತ ವಿಷಯವು.

ಅರ್ಬುದವೆಂಬ ಶಬ್ದವು ಈ ದೇಶದ ವೈದ್ಯರಿಗೆ ಹೊಸದಲ್ಲ. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ಗ್ರಂಥಿಯನ್ನೂ ಅರ್ಬುದವನ್ನೂ ಬೇರೆಬೇರೆಯಾಗಿ ಹೇಳಿ, ಅರ್ಬುದವು ಸ್ಥಿರವಾಗಿ, ಆಳವಾಗಿ ಬೇರುಬಿಟ್ಟು, ಅಲ್ಪವಾದ ನೋವಿನಿಂದ ಮೆಲ್ಲಮೆಲ್ಲನೆ ಬೆಳೆಯತಕ್ಕದ್ದೆಂದು ವಿವರಿಸಿ, ಅದನ್ನು ಆರು ಬಗೆಯಾಗಿ ವಿಭಾಗಿಸಿದೆ. ವಿಭಾಗದ ಆಧಾರವು ಇಂದಿನದಲ್ಲ. ಆದರೆ ಹೆಸರು ಒಂದಾದ ಮಾತ್ರಕ್ಕೆ ರೋಗವೂ ಒಂದೇ ಆಗಬೇಕಾಗಿಲ್ಲವೆಂಬ ಎಚ್ಚರವು ಅಲ್ಲಿ ಕಾಣುತ್ತದೆ. ಪಶ್ಚಿಮದಲ್ಲಿ 1858ರಲ್ಲಿ ಬರ್ಲಿನ್ ನಗರದ ವಿರ್ಖೋ ಎಂಬ ಪಂಡಿತನು ರೋಗದ ನೆಲೆಯನ್ನು ಜೀವಕೋಶದಲ್ಲಿಯೇ ಹುಡುಕಬೇಕೆಂದು ಪ್ರತಿಪಾದಿಸಿದ ಮೇಲೆ, ಅರ್ಬುದದ ತುಣುಕನ್ನು ತೆಳುವಾಗಿ ಕೊಯ್ದು, ಬಣ್ಣ ಹಚ್ಚಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುವ ಪದ್ಧತಿಯು ಬಲಿಯಿತು. ಅದರಿಂದ ಕೋಶದ ಆಕಾರವು ತಿಳಿಯಿತೇ ಹೊರತು ಸ್ವಭಾವವು ಪೂರ್ತಿಯಾಗಿ ತಿಳಿಯಲಿಲ್ಲ.

ಸ್ವಭಾವಭೇದದ ಮೊದಲ ಸುಳಿವು ದೊರೆತದ್ದು ಗ್ಲಾಸ್ಗೋ ನಗರದಲ್ಲಿ. ಅಲ್ಲಿಯ ಬೀಟ್ಸನ್ ಎಂಬ ಶಸ್ತ್ರವೈದ್ಯನು, ಸ್ತನಾರ್ಬುದವು ವಿಪರೀತವಾಗಿ ಹಬ್ಬಿದ್ದ ಸ್ತ್ರೀಯ ಅಂಡಾಶಯಗಳನ್ನು ತೆಗೆದುಹಾಕಲು, ಎದೆಯ ಮೇಲಣ ಗಂಟುಗಳು ಕರಗಿದುದನ್ನು ಕಂಡು 1896ರಲ್ಲಿ ಪ್ರಕಟಿಸಿದನು. ಕೊಯ್ದದ್ದು ಒಂದೆಡೆ, ಕರಗಿದ್ದು ಇನ್ನೊಂದೆಡೆ! ಆದರೆ ಇತರ ವೈದ್ಯರು ಅದನ್ನೇ ಅನುಸರಿಸಿದಾಗ ಸುಮಾರು ಮೂವರಲ್ಲಿ ಒಬ್ಬಳಿಗೆ ಮಾತ್ರ ಗುಣವು ಕಂಡಿತು. ಉಳಿದ ಇಬ್ಬರು ಶಸ್ತ್ರದ ಕಷ್ಟವನ್ನು ವ್ಯರ್ಥವಾಗಿ ಅನುಭವಿಸಿದರು. ಆ ಒಬ್ಬಳು ಯಾರೆಂಬುದನ್ನು ಮುಂಚಿತವಾಗಿ ಅರಿಯುವ ಉಪಾಯವು ಅರ್ಧಶತಮಾನಕ್ಕೂ ಮೀರಿ ದೊರೆಯಲಿಲ್ಲ. 1950ರ ದಶಕದ ಕೊನೆಯಿಂದ ಶಿಕಾಗೋ ನಗರದ ಜೆನ್ಸನ್ ಎಂಬ ರಸಾಯನ ಪಂಡಿತನು ನಡೆಸಿದ ಶೋಧನೆಗಳಿಂದ, ಸ್ತ್ರೀದೇಹದ ಈಸ್ಟ್ರೋಜನ್ ಎಂಬ ರಸವನ್ನು ಹಿಡಿದುಕೊಳ್ಳತಕ್ಕ ಗ್ರಾಹಕವೊಂದು ಕೆಲವು ಕೋಶಗಳಲ್ಲಿ ಉಂಟೆಂದೂ, ಅದುಳ್ಳ ಅರ್ಬುದವು ಆ ರಸವನ್ನುಂಡು ಬೆಳೆಯುವುದೆಂದೂ, ಅದಿಲ್ಲದ ಅರ್ಬುದಕ್ಕೆ ಆ ರಸದ ಹಂಗಿಲ್ಲವೆಂದೂ ಗೊತ್ತಾಯಿತು. ಇಂದು ರೋಗಿಗಳ ಪೈಕಿ ನೂರರಲ್ಲಿ ಸುಮಾರು 70 ಮಂದಿಯ ಅರ್ಬುದಗಳಲ್ಲಿ ಈ ಗ್ರಾಹಕವು ಕಾಣುತ್ತದೆ. ಅಂಥವರಿಗೆ ಟಮಾಕ್ಸಿಫೆನ್ ಮೊದಲಾದ ಗುಳಿಗೆಗಳು ಫಲಕಾರಿಗಳು.

ತರ್ಕಶಾಸ್ತ್ರವನ್ನು ಓದುವ ಪಾಠಶಾಲೆಯ ಬಾಲಕರು ಲಕ್ಷಣದೋಷಗಳನ್ನು ಗೋವಿನ ದೃಷ್ಟಾಂತದಿಂದ ಕಲಿಯುತ್ತಾರೆ. ಕಪಿಲವರ್ಣವುಳ್ಳದ್ದು ಗೋವೆಂದರೆ ಕರಿಯ ಹಸು ಬಿಟ್ಟುಹೋಗುವುದು, ಇದು ಅವ್ಯಾಪ್ತಿ. ಕೊಂಬುಳ್ಳದ್ದು ಗೋವೆಂದರೆ ಎಮ್ಮೆಯೂ ಒಳಗೆ ಬರುವುದು, ಇದು ಅತಿವ್ಯಾಪ್ತಿ. ಒಂದೇ ಗೊರಸುಳ್ಳದ್ದು ಗೋವೆಂದರೆ ಒಂದು ಹಸುವೂ ಸಿಕ್ಕದು, ಇದು ಅಸಂಭವ. ಪಾಠಶಾಲೆಯಲ್ಲಿ ತಪ್ಪಿದರೆ ಗುರುಗಳ ಗದರಿಕೆಯೊಂದೇ ಫಲ. ಅರ್ಬುದದ ಕೋಶಕ್ಕೆ ಗುರುತು ಹೇಳುವ ಪ್ರಯೋಗಶಾಲೆಯಲ್ಲಿ ಅವ್ಯಾಪ್ತಿ ದೋಷವು ಸಂಭವಿಸಿದರೆ, ಔಷಧದಿಂದ ಬದುಕಬಹುದಾದವಳಿಗೆ ಔಷಧವು ತಪ್ಪುವುದು. ಅತಿವ್ಯಾಪ್ತಿ ಸಂಭವಿಸಿದರೆ, ಬೇಡದವಳಿಗೆ ತೀಕ್ಷ್ಣವಾದ ಔಷಧವು ಬೀಳುವುದು. ಮುಂದೆ ಹೇಳುವ ಯಂತ್ರಗಳನ್ನೆಲ್ಲ ಈ ದೃಷ್ಟಿಯಿಂದಲೇ ನೋಡತಕ್ಕದ್ದು.

ಕೋಶವನ್ನು ಗುರುತಿಸುವುದಕ್ಕೆ ಇಂದು ಮುಖ್ಯವಾದ ಸಾಧನವು ಪ್ರತಿಕಾಯ. ದೇಹವು ಹೊರಗಿನ ವಸ್ತುವನ್ನು ಎದುರಿಸಲು ತಾನಾಗಿ ನಿರ್ಮಿಸಿಕೊಳ್ಳುವ ಈ ಪದಾರ್ಥವು ಬೀಗಕ್ಕೆ ಬೀಗದ ಕೈಯಂತೆ ತನಗೆ ತಕ್ಕ ವಸ್ತುವಿಗೆ ಮಾತ್ರ ಅಂಟುವುದು. 1975ರಲ್ಲಿ ಕೇಂಬ್ರಿಜ್‌ನಲ್ಲಿ ಕ್ಯೋಲರ್ ಮತ್ತು ಮಿಲ್‌ಸ್ಟೈನ್ ಎಂಬಿಬ್ಬರು, ಒಂದೇ ತೆರದ ಪ್ರತಿಕಾಯವನ್ನು ಬೇಕಾದಷ್ಟು ಮೊತ್ತದಲ್ಲಿ ಪಡೆಯುವ ವಿಧಾನವನ್ನು ಕಂಡುಹಿಡಿದರು. 1984ರಲ್ಲಿ ಅವರಿಗೆ ನೊಬೆಲ್ ಬಹುಮಾನದಲ್ಲಿ ಪಾಲು ದೊರೆಯಿತು. ಪ್ರತಿಕಾಯಕ್ಕೆ ಹೊಳೆಯುವ ವರ್ಣದ್ರವ್ಯವನ್ನು ಕಟ್ಟಿ ಕೋಶಗಳ ನಡುವೆ ಬಿಟ್ಟರೆ, ಲಕ್ಷಣವುಳ್ಳ ಕೋಶವು ಬೆಳಕಿಗೆ ಹೊಳೆಯುವುದು, ಇಲ್ಲದ್ದು ಕತ್ತಲಾಗಿ ಉಳಿಯುವುದು. ಹೊಳೆಯುವ ಕೋಶಗಳನ್ನು ಎಣಿಸುವುದೂ, ಅವುಗಳನ್ನು ಜೀವಸಹಿತ ಬೇರೆ ತೆಗೆಯುವುದೂ ಮುಂದಿನ ಕೆಲಸ. ಅದಕ್ಕಾಗಿ ಹುಟ್ಟಿದ ಯಂತ್ರದ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬಹುದು.

ಆ ಯಂತ್ರದ ಮೂಲವು ವೈದ್ಯಶಾಲೆಯಲ್ಲಿ ಇರಲಿಲ್ಲ. ಅಣ್ವಸ್ತ್ರಗಳ ನಿರ್ಮಾಣಕ್ಕೆ ಹೆಸರಾದ ಅಮೆರಿಕೆಯ ಲಾಸ್ ಅಲಮಾಸ್ ಪ್ರಯೋಗಶಾಲೆಯಲ್ಲಿ ಫುಲ್ವೈಲರ್ ಎಂಬವನು ಕೆಂಪು ರಕ್ತಕೋಶಗಳ ಗಾತ್ರವನ್ನು ವಿದ್ಯುತ್ತಿನಿಂದ ಅಳೆಯುವುದನ್ನು ನೋಡುತ್ತಿದ್ದನು. ಅಳತೆಯ ನಕ್ಷೆಯಲ್ಲಿ ಎರಡು ಶಿಖರಗಳು ಕಾಣುತ್ತಿದ್ದುವು. ಆದುದರಿಂದ ರಕ್ತದಲ್ಲಿ ದೊಡ್ಡವು, ಚಿಕ್ಕವು ಎಂದು ಎರಡು ಜಾತಿಯ ಕೆಂಪು ಕೋಶಗಳುಂಟೆಂದು ಕೆಲವರು ನಂಬಿದರು. ಇವನಿಗೆ ಸಂಶಯವು ಹುಟ್ಟಿತು. ಅದೇ ಕಾಲದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ವೀಟ್ ಎಂಬ ಎಂಜಿನಿಯರನು, ಶಾಯಿಯ ಧಾರೆಯನ್ನು ಸಣ್ಣ ಹನಿಗಳಾಗಿ ಒಡೆದು, ಹನಿಗಳಿಗೆ ವಿದ್ಯುತ್ತನ್ನು ಕೊಟ್ಟು, ಬೇಕಾದ ಕಡೆಗೆ ಬಾಗಿಸಿ ಕಾಗದದ ಮೇಲೆ ಬರೆಯುವ ಉಪಾಯವನ್ನು ಕಂಡುಕೊಂಡಿದ್ದನು. ಫುಲ್ವೈಲರನು ಶಾಯಿಯ ಬದಲಿಗೆ ಕೋಶಗಳಿರುವ ನೀರನ್ನು ಹರಿಸಿ, ಗಾತ್ರಕ್ಕೆ ತಕ್ಕಂತೆ ಹನಿಗಳನ್ನು ಬಾಗಿಸಿ, ದೊಡ್ಡ ಕೋಶಗಳನ್ನು ಒಂದು ಪಾತ್ರೆಗೂ ಚಿಕ್ಕವನ್ನು ಇನ್ನೊಂದಕ್ಕೂ ಬೀಳಿಸಿದನು. ಬಳಿಕ ದೊಡ್ಡವೆಂದು ತೆಗೆದ ಕೋಶಗಳನ್ನೇ ಮತ್ತೆ ಅಳೆಯಲು, ಅವುಗಳಲ್ಲಿಯೂ ಎರಡು ಶಿಖರಗಳೇ ಕಂಡುವು! ಚಿಕ್ಕವುಗಳಲ್ಲಿಯೂ ಹಾಗೆಯೇ. ಕೋಶವು ರಂಧ್ರದಲ್ಲಿ ಅಡ್ಡವಾಗಿ ನುಸುಳಿತೋ ಉದ್ದವಾಗಿ ನುಸುಳಿತೋ ಎಂಬುದರಿಂದ ಹುಟ್ಟಿದ ಭ್ರಾಂತಿಯೇ ಆ ಎರಡು ಜಾತಿಗಳು. 1965ರಲ್ಲಿ ಈ ಯಂತ್ರದ ವಿವರವು ಪ್ರಕಟವಾಯಿತು. ಇಲ್ಲದ ಭೇದವೊಂದನ್ನು ಕಳೆಯುವುದಕ್ಕಾಗಿಯೇ ಮೊದಲ ವಿಂಗಡಣೆಯ ಯಂತ್ರವು ಹುಟ್ಟಿತೆಂಬುದನ್ನು ಮರೆಯತಕ್ಕದ್ದಲ್ಲ.

ಸ್ಟ್ಯಾನ್‌ಫರ್ಡಿನಲ್ಲಿಯೇ ಹರ್ಜೆನ್‌ಬರ್ಗ್ ಎಂಬ ತಳಿಶಾಸ್ತ್ರಜ್ಞನು ಸೂಕ್ಷ್ಮದರ್ಶಕದಲ್ಲಿ ಹೊಳೆಯುವ ಕೋಶಗಳನ್ನು ಎಣಿಸಿ ಎಣಿಸಿ ಕಣ್ಣು ಸೋತಿದ್ದನು. ಅವನು ಲಾಸ್ ಅಲಮಾಸಿಗೆ ಹೋಗಿ, ಯಂತ್ರಕ್ಕೆ ಹೊಳಪನ್ನು ಅಳೆಯುವ ಶಕ್ತಿಯನ್ನೂ ಕೂಡಿಸಬೇಕೆಂದು ಕೇಳಿಕೊಂಡನು. ಅಲ್ಲಿಯವರಿಗೆ ಅದರಲ್ಲಿ ಆಸ್ಥೆಯಿರಲಿಲ್ಲ. ಆದರೂ ಉದಾರರಾಗಿ ಯಂತ್ರದ ನಕ್ಷೆಗಳನ್ನು ಕೊಟ್ಟು ಕಳುಹಿಸಿದರು. ಸ್ಟ್ಯಾನ್‌ಫರ್ಡಿನಲ್ಲಿ ಅನ್ಯಗ್ರಹಗಳ ಮೇಲೆ ಜೀವವುಂಟೋ ಎಂದು ಹುಡುಕುವ ಉಪಕರಣಗಳನ್ನು ಮಾಡುತ್ತಿದ್ದ ಎಂಜಿನಿಯರರ ಸಹಾಯದಿಂದ, ಹೊಳಪನ್ನು ನೋಡಿ ಕೋಶಗಳನ್ನು ವಿಂಗಡಿಸುವ ಯಂತ್ರವು ಸಿದ್ಧವಾಗಿ 1969ರಲ್ಲಿ ಲೋಕಕ್ಕೆ ತಿಳಿಯಿತು. ಹರ್ಜೆನ್‌ಬರ್ಗನು ಮುಂದೆ ಮಿಲ್‌ಸ್ಟೈನನ ಪ್ರಯೋಗಶಾಲೆಯಲ್ಲಿಯೂ ಕೆಲವು ಕಾಲವಿದ್ದು, ಪ್ರತಿಕಾಯದ ವಿದ್ಯೆಯನ್ನು ಯಂತ್ರದ ವಿದ್ಯೆಗೆ ಜೋಡಿಸಿದನು. ಅವನ ಪತ್ನಿ ಲಿಯೊನೋರ್ ಎಂಬಾಕೆಯೂ ಆಜೀವವಾಗಿ ಆ ಪ್ರಯೋಗಶಾಲೆಯ ಸಹೋದ್ಯೋಗಿನಿಯಾಗಿದ್ದಳು. 2006ರಲ್ಲಿ ಜಪಾನಿನ ಕ್ಯೋಟೋ ಬಹುಮಾನವು ಅವನಿಗೆ ಸಂದಿತು, 2013ರಲ್ಲಿ ತೀರಿಕೊಂಡನು.

ಯಂತ್ರವು ನಡೆಯುವ ಕ್ರಮವನ್ನು ಮೊರದಲ್ಲಿ ಕಾಳು ಕೇರುವ ತಾಯಂದಿರಿಗೆ ತಿಳಿಸುವುದು ಕಷ್ಟವಲ್ಲ. ಮೊರದಲ್ಲಿ ಕಾಳು ಜಳ್ಳುಗಳು ರಾಶಿಯಾಗಿ ಹಾರುವುವು. ಇಲ್ಲಿ ಒಂದೊಂದು ಕಾಳೂ ಒಂದರ ಹಿಂದೊಂದಾಗಿ ಸಾಲುಗಟ್ಟಿ ಬಂದು ತನ್ನ ಗುರುತನ್ನು ತೋರಿಸಿ ಹೋಗುವುದು. ಕೋಶಗಳುಳ್ಳ ತೆಳುಧಾರೆಯ ಸುತ್ತಲೂ ಶುದ್ಧವಾದ ಲವಣಜಲವು ವೇಗವಾಗಿ ಹರಿದು ಅದನ್ನು ಸಣ್ಣದಾಗಿಸುವುದರಿಂದ ಕೋಶಗಳು ಒಂಟಿಸಾಲಾಗುವುವು. ಲೇಸರ್ ಬೆಳಕಿನ ಕಿರಣವೊಂದು ಆ ಸಾಲನ್ನು ಅಡ್ಡಲಾಗಿ ಹಾಯುವುದು. ಮುಂದಕ್ಕೆ ಚದರಿದ ಬೆಳಕು ಕೋಶದ ಗಾತ್ರವನ್ನೂ, ಪಕ್ಕಕ್ಕೆ ಚದರಿದ ಬೆಳಕು ಒಳಗಿನ ಕಣಗಳ ದಟ್ಟಣೆಯನ್ನೂ, ಬಣ್ಣಬಣ್ಣದ ಹೊಳಪು ಯಾವ ಯಾವ ಪ್ರತಿಕಾಯವು ಅಂಟಿದೆಯೆಂಬುದನ್ನೂ ತಿಳಿಸುವುವು. ತಲೆಗೂದಲಿನ ಗಾತ್ರದ ರಂಧ್ರದಿಂದ ಹೊರಟ ಧಾರೆಯು ಕಂಪನದಿಂದ ಒಡೆದು, ಒಂದು ನಿಮಿಷದ ಅರವತ್ತನೆಯ ಒಂದು ಭಾಗದಲ್ಲಿ ಹತ್ತಾರು ಸಾವಿರ ಹನಿಗಳಾಗುವುದು. ಬೇಕಾದ ಕೋಶವಿರುವ ಹನಿಗೆ ಆ ಕ್ಷಣದಲ್ಲಿ ವಿದ್ಯುತ್ತು ಸೇರುವುದು. ಅದು ಎರಡು ವಿದ್ಯುತ್ಫಲಕಗಳ ನಡುವೆ ಬಾಗಿ ತನ್ನ ನಳಿಗೆಯೊಳಕ್ಕೆ ಬೀಳುವುದು. ಬೇಡವಾದುದು ನೆಟ್ಟಗೆ ಕೆಳಗಣ ಕಸದ ಪಾತ್ರೆಗೆ ಬೀಳುವುದು.

ಇಷ್ಟೆಲ್ಲ ಚಮತ್ಕಾರವು ರಕ್ತಕ್ಕೆ ಸುಲಭ; ಏಕೆಂದರೆ ರಕ್ತದ ಕೋಶಗಳು ಹುಟ್ಟಿನಿಂದಲೇ ಬಿಡಿಬಿಡಿಯಾಗಿ ತೇಲುವುವು. ಸ್ತನದ ಗಂಟು ಹಾಗಲ್ಲ. ಅದರಲ್ಲಿ ಕೋಶಗಳು ಒಂದನ್ನೊಂದು ತಬ್ಬಿಕೊಂಡು, ನಾರಿನ ಬಲೆಯೊಳಗೆ ಹುದುಗಿರುತ್ತವೆ. ಶಸ್ತ್ರದ ಕೊಠಡಿಯಿಂದ ತಂಪಾಗಿಟ್ಟು ತಂದ ತುಣುಕನ್ನು ಕತ್ತರಿಯಿಂದ ಸಣ್ಣಗೆ ಕೊಚ್ಚಿ, ನಾರನ್ನು ಕರಗಿಸುವ ಕೊಲಾಜಿನೇಸ್ ಎಂಬ ಕಿಣ್ವದಲ್ಲಿ ದೇಹದ ಶಾಖದಲ್ಲಿಟ್ಟು ಅಲುಗಾಡಿಸಿ, ಸೂಕ್ಷ್ಮವಾದ ಜಾಲರಿಯಲ್ಲಿ ಸೋಸಬೇಕು. ಕಿಣ್ವವು ಕಡಿಮೆಯಾದರೆ ಕೋಶಗಳು ಬಿಡಿಯಾಗವು. ಹೆಚ್ಚಾದರೆ ಕೋಶಗಳ ಮೈಮೇಲಣ ಗುರುತುಗಳೇ ಸವೆದುಹೋಗುವುವು, ಕೋಶಗಳೂ ಸಾಯುವುವು. ಸತ್ತ ಕೋಶವು ಸಿಕ್ಕ ಸಿಕ್ಕ ಪ್ರತಿಕಾಯವನ್ನೆಲ್ಲ ಅಂಟಿಸಿಕೊಂಡು ಸುಳ್ಳುಸಾಕ್ಷಿ ಹೇಳುವುದರಿಂದ, ಸತ್ತವುಗಳೊಳಕ್ಕೆ ಮಾತ್ರ ನುಗ್ಗುವ ಬಣ್ಣವೊಂದನ್ನು ಹಾಕಿ ಅವನ್ನು ಮೊದಲು ಹೊರಗಿಡುತ್ತಾರೆ. ಜೋಡಿಯಾಗಿ ಅಂಟಿಕೊಂಡು ಬಂದ ಕೋಶಗಳನ್ನು ಒಂದೇ ಎಂದು ಭ್ರಮಿಸದಂತೆ ತೆಗೆಯುತ್ತಾರೆ. ಅನಂತರ ಸಿ.ಡಿ. 45 ಎಂಬ ಗುರುತಿನಿಂದ ಬಿಳಿಯ ರಕ್ತಕೋಶಗಳನ್ನೂ, ಸಿ.ಡಿ. 31 ಎಂಬುದರಿಂದ ರಕ್ತನಾಳದ ಒಳಪೊರೆಯ ಕೋಶಗಳನ್ನೂ ಕಳೆದು, ಎಪ್‌ಕ್ಯಾಮ್ ಎಂಬ ಗುರುತುಳ್ಳ ಹೊದಿಕೆಯ ಕೋಶಗಳನ್ನು ಹಿಡಿಯುತ್ತಾರೆ. ಪ್ರತಿಯೊಂದು ಹೆಜ್ಜೆಯಲ್ಲಿಯೂ ಎಷ್ಟು ಹೊಳೆದರೆ ಉಂಟು, ಎಷ್ಟಕ್ಕೆ ಇಲ್ಲ ಎಂಬ ಗೆರೆಯನ್ನು ಮನುಷ್ಯನೇ ಎಳೆಯಬೇಕು. ಯಂತ್ರವು ಆ ಗೆರೆಯನ್ನು ತಾನು ಅರಿಯದು.

ಇಂಥ ಶ್ರಮದಿಂದ ಏನು ತಿಳಿಯಿತೆಂಬುದಕ್ಕೆ ಎರಡು ದೃಷ್ಟಾಂತಗಳು ಸಾಕು.

2003ರಲ್ಲಿ ಅಮೆರಿಕೆಯ ಮಿಶಿಗನ್ ವಿಶ್ವವಿದ್ಯಾಲಯದ ಪಂಡಿತರು ಸ್ತನಾರ್ಬುದದ ಕೋಶಗಳಲ್ಲಿ ಸಿ.ಡಿ. 44 ಇರುವ, ಆದರೆ ಸಿ.ಡಿ. 24 ಇಲ್ಲದ ಅಥವಾ ಅತ್ಯಲ್ಪವಾಗಿರುವ ಕೋಶಗಳನ್ನು ಬೇರ್ಪಡಿಸಿ, ರೋಗನಿರೋಧಕ ಶಕ್ತಿ ಕುಂದಿದ ಇಲಿಗಳಲ್ಲಿ ನೆಟ್ಟರು. ಅಂಥ ಕೋಶಗಳು ನೂರರಷ್ಟಿದ್ದರೂ ಹೊಸ ಅರ್ಬುದವು ಬೆಳೆಯಿತು. ಆ ಗುರುತಿಲ್ಲದ ಕೋಶಗಳನ್ನು ಹತ್ತಾರು ಸಾವಿರ ನೆಟ್ಟರೂ ಬೆಳೆಯಲಿಲ್ಲ. ಅರ್ಬುದದ ಬೀಜವು ಕೆಲವೇ ಕೋಶಗಳಲ್ಲಿದೆ, ಆ ಬೀಜವನ್ನು ಸುಟ್ಟರೆ ಸಾಕೆಂಬ ಮಹದಾಶೆಯು ಎಲ್ಲೆಡೆಯಲ್ಲಿಯೂ ಹಬ್ಬಿತು. ಆದರೆ ಐದು ವರ್ಷಗಳ ಮೇಲೆ, 2008ರಲ್ಲಿ, ಅದೇ ವಿಶ್ವವಿದ್ಯಾಲಯದ ಬೇರೆ ಪಂಡಿತರು ಮೆಲನೋಮಾ ಎಂಬ ಚರ್ಮದ ಅರ್ಬುದದಲ್ಲಿ ಪರೀಕ್ಷಿಸಿ, ಇಲಿಯ ನಿರೋಧಕ ಶಕ್ತಿಯನ್ನು ಇನ್ನಷ್ಟು ಕುಂದಿಸಿ, ನೆಡುವ ಕ್ರಮವನ್ನು ತಿದ್ದಿದರೆ ಸುಮಾರು ನಾಲ್ಕು ಕೋಶಗಳಲ್ಲಿ ಒಂದು ಅರ್ಬುದವಾಗಿ ಬೆಳೆಯಬಲ್ಲದೆಂದು ತೋರಿಸಿದರು. ಹಾಗಾದರೆ ಮೊದಲಿನವರು ಕಂಡದ್ದು ಬೀಜದ ಗುಣವೋ, ಹೊಲದ ಗುಣವೋ? ಸ್ತನಾರ್ಬುದದ ವಿಷಯದಲ್ಲಿ ಈ ವಾದವು ಪೂರ್ತಿಯಾಗಿ ಮುಗಿದಿಲ್ಲ. ಸಿ.ಡಿ. 44ರ ಗುರುತು ಅನೇಕ ನಿರಪರಾಧಿ ಕೋಶಗಳಲ್ಲಿಯೂ ಉಂಟಾದುದರಿಂದ ಅದು ಅತಿವ್ಯಾಪ್ತಿಯಿಂದ ದುಷ್ಟವಾದ ಲಕ್ಷಣವೆಂದು ತಾರ್ಕಿಕನು ಹೇಳಿದರೆ ತಪ್ಪಾಗದು.

ಎರಡನೆಯದು ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ವಾಲ್ಟರ್ ಅಂಡ್ ಎಲೈಜಾ ಹಾಲ್ ಸಂಸ್ಥೆಯ ಕೆಲಸ. ಬಿ.ಆರ್.ಸಿ.ಎ. 1 ಎಂಬ ವಂಶವಾಹಿಯಲ್ಲಿ ದೋಷವಿರುವ ಕುಟುಂಬಗಳ ಸ್ತ್ರೀಯರಿಗೆ ಜೀವಮಾನದಲ್ಲಿ ಸ್ತನಾರ್ಬುದದ ಭಯವು ನೂರಕ್ಕೆ 60ರಿಂದ 70ರಷ್ಟು. ಅಜ್ಜಿ, ತಾಯಿ, ದೊಡ್ಡಕ್ಕ ಇವರೆಲ್ಲ ಇದರಿಂದಲೇ ಹೋದುದನ್ನು ಕಂಡು, ರೋಗವು ಬರುವ ಮೊದಲೇ ಸ್ತನಗಳನ್ನು ತೆಗೆಯಿಸಿಕೊಳ್ಳುವ ಸ್ತ್ರೀಯರು ಆ ದೇಶಗಳಲ್ಲಿ ಉಂಟು. ಅವರು ಒಪ್ಪಿ ಕೊಟ್ಟ ಅಂಗಾಂಶದ ಕೋಶಗಳನ್ನು ಎಪ್‌ಕ್ಯಾಮ್, ಸಿ.ಡಿ. 49 ಎಫ್ ಎಂಬೆರಡು ಗುರುತುಗಳಿಂದ ವಿಂಗಡಿಸಿ ನೋಡಲಾಯಿತು. ಇವರಿಗೆ ಬರುವ ಅರ್ಬುದವು ನಾಳದ ಹೊರವರಸೆಯ ಕೋಶಗಳನ್ನು ಹೋಲುವುದರಿಂದ, ಅದರ ಮೂಲವೂ ಆ ವರಸೆಯ ಮೂಲಕೋಶದಲ್ಲಿಯೇ ಇರಬೇಕೆಂದು ಎಲ್ಲರೂ ಊಹಿಸಿದ್ದರು. 2009ರಲ್ಲಿ ಪ್ರಕಟವಾದ ಫಲವು ಬೇರೆಯಾಗಿತ್ತು. ಒಳವರಸೆಯ, ಇನ್ನೂ ಪಕ್ವವಾಗದ ಸಂತಾನಕೋಶಗಳೇ ಇವರಲ್ಲಿ ಅಸಹಜವಾಗಿ ಹೆಚ್ಚಿದ್ದುವು. ಅರ್ಬುದದ ಸ್ವಭಾವಕ್ಕೆ ಅತ್ಯಂತ ಹತ್ತಿರವಾದುದೂ ಅವುಗಳ ಸ್ವಭಾವವೇ. ಮುಖವನ್ನು ನೋಡಿ ಕುಲವನ್ನು ಊಹಿಸಿದವರು ಸೋತರು. 2016ರಲ್ಲಿ ಅದೇ ಸಂಸ್ಥೆಯವರು, ಆ ಕೋಶಗಳಲ್ಲಿಯೂ ರ್‍ಯಾಂಕ್ ಎಂಬ ಗ್ರಾಹಕವುಳ್ಳವು ವಿಶೇಷವಾಗಿ ಬೆಳೆಯತಕ್ಕವೆಂದು ಕಂಡರು. ಆ ಗ್ರಾಹಕಕ್ಕೆ ಸಲ್ಲುವ ಸಂದೇಶವನ್ನು ತಡೆಯುವ ಡೆನೊಸುಮಾಬ್ ಎಂಬ ಔಷಧವು ಎಲುಬಿನ ಸವಕಳಿಗೆಂದು ಅದಾಗಲೇ ಬಳಕೆಯಲ್ಲಿತ್ತು. ಸ್ತನಗಳನ್ನು ಕಳೆದುಕೊಳ್ಳದೆಯೇ ರೋಗವನ್ನು ತಡೆಯಬಹುದೋ ಎಂಬುದನ್ನು ಒರೆಗೆ ಹಚ್ಚಲು ಅದರಿಂದ ಪರೀಕ್ಷೆಯು ಆರಂಭವಾಯಿತು. ಯಂತ್ರದ ಹನಿಯು ಅತ್ತ ಬಾಗಿತೋ ಇತ್ತ ಬಾಗಿತೋ ಎಂಬ ಸಣ್ಣ ಸಂಗತಿಯಿಂದ ಒಂದು ಮನೆತನದ ಹೆಣ್ಣುಮಕ್ಕಳ ಮುಂದಿನ ಬಾಳು ಬೇರೆಯಾಗುವ ಸಂಭವವಿರುವುದು ಇಂಥಲ್ಲಿ.

ಗಂಟಿನ ಕೋಶಗಳೆಲ್ಲ ಒಂದೇ ಸಮನಲ್ಲವೆಂಬುದನ್ನು 2011ರಲ್ಲಿ ಅಮೆರಿಕೆಯ ಪಂಡಿತರು ಇನ್ನೂ ಸೂಕ್ಷ್ಮವಾಗಿ ತೋರಿಸಿದರು. ಒಬ್ಬ ಸ್ತ್ರೀಯ ಅರ್ಬುದದಿಂದ ನೂರು ಕೋಶಕೇಂದ್ರಗಳನ್ನು ಇದೇ ತೆರದ ಯಂತ್ರದಿಂದ ಒಂದೊಂದಾಗಿ ತೆಗೆದು, ಪ್ರತಿಯೊಂದರ ವಂಶದ್ರವ್ಯವನ್ನೂ ಬೇರೆಬೇರೆಯಾಗಿ ಓದಲು, ಒಂದೇ ಗಂಟಿನೊಳಗೆ ಮೂರು ಪ್ರಧಾನ ವಂಶಗಳು ಕೂಡಿ ವಾಸಿಸುತ್ತಿದ್ದುವು. ಅರೆದು ಒಟ್ಟಾಗಿ ಪರೀಕ್ಷಿಸಿದ್ದರೆ ಮೂರರ ಸರಾಸರಿಯೊಂದು ಮಾತ್ರ ಕಾಣುತ್ತಿತ್ತು. ಅಂಥ ಸರಾಸರಿಯ ಕೋಶವು ಆ ಗಂಟಿನಲ್ಲಿ ಎಲ್ಲಿಯೂ ಇರಲಿಲ್ಲ.

ರಕ್ತದಲ್ಲಿ ತೇಲಿಹೋಗುವ ಅರ್ಬುದಕೋಶಗಳನ್ನು ಹಿಡಿಯುವ ಕಲೆಯೂ ಉಂಟು. 2004ರಲ್ಲಿ, ಏಳೂವರೆ ಮಿಲಿಲೀಟರ್ ರಕ್ತದಲ್ಲಿ ಅಂಥ ಕೋಶಗಳು ಐದು ಅಥವಾ ಅದಕ್ಕಿಂತ ಹೆಚ್ಚಾಗಿ ಕಂಡ, ರೋಗವು ಹಬ್ಬಿದ ಸ್ತ್ರೀಯರು ಬೇಗನೆ ಹದಗೆಡುತ್ತಾರೆಂದು ಗೊತ್ತಾಯಿತು. ಆದರೆ ಆ ಎಣಿಕೆಯು ಇಳಿಯದಿದ್ದರೆ ಕೂಡಲೆ ಔಷಧವನ್ನು ಬದಲಾಯಿಸಿ ನೋಡಿದ ಪರೀಕ್ಷೆಯ ಫಲವು 2014ರಲ್ಲಿ ಹೊರಬಿದ್ದಾಗ, ಆಯುಷ್ಯವೇನೂ ಹೆಚ್ಚಿರಲಿಲ್ಲ. ಭವಿಷ್ಯವನ್ನು ಹೇಳಬಲ್ಲ ಗುರುತು ಚಿಕಿತ್ಸೆಯನ್ನು ಹೇಳಲಾರದೆ ಹೋಯಿತು.

ಇಲ್ಲೊಂದು ತಪ್ಪುತಿಳಿವಳಿಕೆಯನ್ನು ಕಳೆಯಬೇಕು. ಹನಿಗಳನ್ನು ಬಾಗಿಸುವ ಯಂತ್ರವು ರಕ್ತದ ಅರ್ಬುದಗಳಿಗೆ ಸಂಬಂಧಿಸಿದಂತೆ ಆಸ್ಪತ್ರೆಯ ನಿತ್ಯದ ಎಣಿಕೆಯ ಯಂತ್ರಗಳಿಗೆ ಬಂಧುವಾದರೂ, ಸ್ತನಾರ್ಬುದದ ವಿಷಯದಲ್ಲಿ ಅದು ಶೋಧನೆಯ ಸಾಧನವೇ ಆಗಿ ಉಳಿದಿದೆ. ಕೋಶಗಳಲ್ಲಿರುವ ವಂಶದ್ರವ್ಯದ ಮೊತ್ತವನ್ನು ಯಂತ್ರದಿಂದಳೆದು ರೋಗದ ಗತಿಯನ್ನು ಹೇಳುವ ಪ್ರಯತ್ನವು 1980ರ ದಶಕದಲ್ಲಿ ಬಹಳವಾಗಿ ನಡೆಯಿತು. ಚಿಕಿತ್ಸೆಗೆ ಅದು ನಂಬುಗೆಯ ಆಧಾರವಾಗಲಿಲ್ಲ. ಇಂದಿಗೂ ರೋಗಿಯ ಕೈಗೆ ಬರುವ ಕಾಗದವು ಹುಟ್ಟುವುದು ಮೇಣದಲ್ಲಿ ಹುದುಗಿಸಿ ತೆಳುವಾಗಿ ಕೊಯ್ದ ಗಾಜಿನ ಮೇಲಣ ಪೊರೆಯಿಂದ. ಪ್ರತಿಕಾಯವು ಅದೇ, ಆದರೆ ಹೊಳಪಿನ ಬದಲು ಕಂದುಬಣ್ಣ, ಯಂತ್ರದ ಬದಲು ಅನುಭವಿಯ ಕಣ್ಣು. ಈಸ್ಟ್ರೋಜನ್ ಗ್ರಾಹಕ, ಪ್ರೊಜೆಸ್ಟಿರೋನ್ ಗ್ರಾಹಕ, ಹರ್-2 ಎಂಬ ಮೂರು ಗುರುತುಗಳನ್ನೂ, ಕೋಶಗಳು ಎಷ್ಟು ವೇಗವಾಗಿ ಒಡೆದು ಹೆಚ್ಚುತ್ತಿವೆಯೆಂದು ತಿಳಿಸುವ ಕೆ.ಐ. 67 ಎಂಬುದನ್ನೂ ಅಲ್ಲಿ ನೋಡುತ್ತಾರೆ. ನೂರರಲ್ಲಿ ಒಂದು ಕೋಶಕೇಂದ್ರವು ಬಣ್ಣಗೊಂಡರೂ ಈಸ್ಟ್ರೋಜನ್ ಗ್ರಾಹಕವು ಉಂಟೆಂದೇ ಲೆಕ್ಕ. ಒಂದರಿಂದ ಹತ್ತರವರೆಗೆ ಇದ್ದರೆ ಅಲ್ಪವೆಂದು ಬರೆಯಬೇಕೆಂದು 2020ರಲ್ಲಿ ನಿಯಮವಾಯಿತು. ಹರ್-2ಕ್ಕೆ ಸೊನ್ನೆಯಿಂದ ಮೂರರವರೆಗೆ ಅಂಕಗಳು. ಮೂರು ಬಂದರೆ ಉಂಟು. ಎರಡು ಬಂದರೆ ಸಂದಿಗ್ಧ, ವಂಶದ್ರವ್ಯದ ಮೇಲೆ ಇನ್ನೊಂದು ಪರೀಕ್ಷೆಯಾಗಲೇಬೇಕು. ಆ ಎರಡನೆಯ ಪರೀಕ್ಷೆಯ ವೆಚ್ಚಕ್ಕೆ ಅಂಜಿ ಬಿಟ್ಟುಬಿಡುವವರು ಉಂಟು, ಬಿಡತಕ್ಕದ್ದಲ್ಲ. ಮೂರು ಗುರುತುಗಳೂ ಇಲ್ಲದ ಬಗೆಯು ಪಾಶ್ಚಾತ್ಯ ದೇಶಗಳಿಗಿಂತ ಭಾರತದಲ್ಲಿ ಹೆಚ್ಚಿನ ಪಾಲಿನಲ್ಲಿ ಕಾಣುತ್ತದೆಂದು ಅನೇಕ ವರದಿಗಳಿಂದ ತಿಳಿಯುತ್ತದೆ.

ಗುರುತು ತಪ್ಪಿದರೆ ಆಗುವ ಅನರ್ಥಕ್ಕೆ ಕೆನಡಾ ದೇಶದ ಪೂರ್ವತೀರದ ನ್ಯೂಫೌಂಡ್‌ಲೆಂಡ್ ಪ್ರಾಂತವೇ ಸಾಕ್ಷಿ. ಅಲ್ಲಿ 2005ರಲ್ಲಿ, ಗ್ರಾಹಕವಿಲ್ಲವೆಂದು ಹಿಂದೆ ಬರೆದಿದ್ದ ಒಬ್ಬ ಸ್ತ್ರೀಯ ತುಣುಕನ್ನು ಮರಳಿ ಪರೀಕ್ಷಿಸಲು ಗ್ರಾಹಕವು ಕಂಡಿತು. ಸಂಶಯಪಟ್ಟು 1997ರಿಂದಿನ ತುಣುಕುಗಳನ್ನು ಬೇರೆ ಊರಿನ ಪ್ರಯೋಗಶಾಲೆಗೆ ಕಳುಹಿಸಿ ನೋಡಿದರೆ, ಮುನ್ನೂರಕ್ಕೂ ಮೇಲ್ಪಟ್ಟ ಸ್ತ್ರೀಯರ ಫಲವು ತಪ್ಪಾಗಿತ್ತು. ಟಮಾಕ್ಸಿಫೆನ್ ಗುಳಿಗೆಯಿಂದ ಉಪಕಾರವನ್ನು ಪಡೆಯಬಹುದಾಗಿದ್ದ ಅವರಲ್ಲಿ ಅನೇಕರು ಅದನ್ನು ಕಾಣದೆಯೇ ಇದ್ದರು. ತಪ್ಪು ಹೊರಬೀಳುವಷ್ಟರಲ್ಲಿ ಹಲವರು ಬದುಕಿರಲಿಲ್ಲ. ನ್ಯಾಯಾಧೀಶೆಯೊಬ್ಬರು ವಿಚಾರಣೆ ನಡೆಸಿ 2009ರಲ್ಲಿ ವರದಿಯನ್ನು ಕೊಟ್ಟರು. ತುಣುಕನ್ನು ಸಿದ್ಧಪಡಿಸುವುದರಲ್ಲಿಯೂ, ಬಣ್ಣ ಹಚ್ಚುವುದರಲ್ಲಿಯೂ, ಫಲವನ್ನು ತಾಳೆನೋಡುವುದರಲ್ಲಿಯೂ ನಡೆದ ನಿತ್ಯದ ಅಲಕ್ಷ್ಯವೇ ಅಲ್ಲಿ ಬಯಲಾಯಿತು. ಅದು ಯಾರ ದ್ವೇಷದಿಂದಲೂ ಆದದ್ದಲ್ಲ.

ಆದಕಾರಣ ತುಣುಕಿನ ರಕ್ಷಣೆಯ ವಿಷಯವು ಪಂಡಿತರಿಗೆ ಮಾತ್ರ ಸೇರಿದ್ದಲ್ಲ. ಗಂಟನ್ನು ತೆಗೆದ ಒಂದು ಗಂಟೆಯೊಳಗಾಗಿ ಅದು ಫಾರ್ಮಲಿನ್ ದ್ರವವನ್ನು ಸೇರಬೇಕು. ದೊಡ್ಡ ಗಂಟಾದರೆ ದ್ರವವು ಒಳಕ್ಕೆ ಇಳಿಯುವಂತೆ ಅದನ್ನು ಸೀಳಬೇಕು. ಆರು ಗಂಟೆಗೆ ಕಡಿಮೆಯಾಗದಂತೆ, ಎಪ್ಪತ್ತೆರಡು ಗಂಟೆಗೆ ಮೀರದಂತೆ ಅದರಲ್ಲಿರಬೇಕು. ಹೊತ್ತು ಮೀರಿ ಒಣಗಿದ ಅಥವಾ ಕೊಳೆತ ತುಣುಕಿನಲ್ಲಿ ಇರುವ ಗ್ರಾಹಕವೂ ಇಲ್ಲವೆಂದು ಕಾಣುವುದು. ಸಣ್ಣ ಊರುಗಳಲ್ಲಿ ಶಸ್ತ್ರವು ಒಂದೆಡೆ, ಪ್ರಯೋಗಶಾಲೆಯು ಇನ್ನೊಂದೆಡೆಯಿರಲು, ಸೀಸೆಯನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತುವವನು ಎಷ್ಟೋ ವೇಳೆ ರೋಗಿಯ ತಮ್ಮನೋ ಮಗನೋ ಆಗಿರುತ್ತಾನೆ. ಸೀಸೆಯಲ್ಲಿರುವುದು ಫಾರ್ಮಲಿನ್ನೇ ಹೌದೋ, ಬರಿಯ ಲವಣಜಲವೋ ಎಂದು ಅವನು ಕೇಳಿ ತಿಳಿಯಬೇಕು. ತುಣುಕನ್ನು ತೆಗೆದ ಹೊತ್ತನ್ನು ಸೀಸೆಯ ಮೇಲೆ ಬರೆಯಿಸಬೇಕು. ಜೀವಂತ ಕೋಶಗಳು ಬೇಕಾದ ಶೋಧನಾಲಯಕ್ಕೆ ಕೊಡುವ ಪಾಲಿದ್ದರೆ ಮಾತ್ರ ಅದಕ್ಕೆ ಫಾರ್ಮಲಿನ್ ಸೋಂಕತಕ್ಕದ್ದಲ್ಲ. ಆ ಪಾಲನ್ನು ಶಸ್ತ್ರದ ಕೊಠಡಿಯಲ್ಲಿಯೇ ಬೇರೆ ಮಾಡುತ್ತಾರೆ.

ಪರೀಕ್ಷೆಯು ಮುಗಿದ ಮೇಲೆ ಮೇಣದಲ್ಲಿ ಹುದುಗಿಸಿದ ತುಣುಕು ಉಳಿಯುತ್ತದೆ. ಅದಕ್ಕೆ ಬ್ಲಾಕ್ ಎಂದು ಹೆಸರು. ಬೆರಳ ತುದಿಯಷ್ಟಿರುವ ಅದು ವರ್ಷಗಟ್ಟಲೆ ಕೆಡದು. ಬೇರೆ ಆಸ್ಪತ್ರೆಗೆ ಹೋಗುವಾಗ ಕಾಗದದೊಡನೆ ಆ ಬ್ಲಾಕನ್ನೂ ಕೇಳಿ ತೆಗೆದುಕೊಂಡು, ಬಿಸಿಲು ತಾಗದೆಡೆಯಲ್ಲಿ ಇಡತಕ್ಕದ್ದು. 2022ರವರೆಗೆ ಹರ್-2ರಲ್ಲಿ ಒಂದು ಅಂಕ ಬಂದವರನ್ನೂ, ಎರಡು ಬಂದು ಮುಂದಿನ ಪರೀಕ್ಷೆಯಲ್ಲಿ ಇಲ್ಲವೆನಿಸಿದವರನ್ನೂ ಇಲ್ಲದವರ ಗುಂಪಿನಲ್ಲಿಯೇ ಎಣಿಸುತ್ತಿದ್ದರು. ಆ ವರ್ಷ ಟ್ರಾಸ್ಟುಜುಮಾಬ್ ಡೆರಕ್ಸ್‌ಟೆಕಾನ್ ಎಂಬ ಔಷಧವು, ರೋಗವು ಹಬ್ಬಿದ ಅಂಥ ಅಲ್ಪಲಕ್ಷಣದವರ ಆಯುಷ್ಯವನ್ನೂ ಹೆಚ್ಚಿಸಿದುದು ಪ್ರಕಟವಾಯಿತು. ಕೂಡಲೆ ಅನೇಕ ಊರುಗಳಲ್ಲಿ ಹಳೆಯ ಬ್ಲಾಕುಗಳನ್ನು ಕಪಾಟುಗಳಿಂದ ತೆಗೆದು ಮತ್ತೆ ಕೊಯ್ದು ನೋಡತೊಡಗಿದರು. ಹಿಂದೆ ಇಲ್ಲವೆಂದು ಬರೆದಿದ್ದ ಎಷ್ಟೋ ಸ್ತ್ರೀಯರ ಹೆಸರಿನ ಮುಂದೆ ಈಗ ಅಲ್ಪವಾಗಿ ಉಂಟೆಂದು ತಿದ್ದಿ ಬರೆಯಲಾಯಿತು.